ಕಾರ್ಬುರೇಟರ್ ಬಲ್ಲ ಉಸ್ತಾದರ ಶೆಡ್ಡು

ನನ್ನ ಮಾರುತಿ 800, ಅಪ್ಪ 1997ರ ದಸರೆಗೆ ಕೊಂಡದ್ದು. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಹಳೆಯ ಕಾಲದ ಕಾರ್ಬುರೇಟರ್ ಇರುವ ಎಂಜಿನ್. ಮೇ ತಿಂಗಳ ಮಟಮಟ ಮಧ್ಯಾಹ್ನ ಕಲಬುರಗಿಯ ರಿಂಗ್ ರಸ್ತೆಯಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಎಳೆಸಿಕೊಂಡು ಹೋದ ದೊಡ್ಡ ಸರ್ವಿಸ್ ಕೇಂದ್ರದಲ್ಲಿ ಹುಡುಗನೊಬ್ಬ ಬಾನೆಟ್ ಎತ್ತಿ, ಸ್ಕ್ಯಾನರ್ ಚುಚ್ಚಲು ಜಾಗ ಹುಡುಕಿದ. ಎಲ್ಲಿಂದ ಸಿಗಬೇಕು? ಆ ಎಂಜಿನ್ನಿಗೆ ಕಂಪ್ಯೂಟರೇ ಇಲ್ಲ. "ಗುಜರಿಗೆ ಹಾಕಿ ಮೇಡಂ" ಎಂದ.

ಆಮೇಲೆ ಬಂದದ್ದು ಆಳಂದ ರಸ್ತೆಯ ಕಡೆಗಿರುವ ಈ ತಗಡಿನ ಶೆಡ್ಡಿಗೆ. ಹೆಸರಿನ ಫಲಕವಿಲ್ಲ, ನೆಲಕ್ಕೆ ಶಹಾಬಾದಿ ಕಲ್ಲು, ಅದರ ಮೇಲೆ ವರ್ಷಗಳ ಆಯಿಲ್. ಉಸ್ತಾದರು ಏನೂ ಕೇಳಲಿಲ್ಲ. ಬಟ್ಟೆಯೊಂದನ್ನು ಕೊಡದ ನೀರಿನಲ್ಲಿ ಅದ್ದಿ, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿಗೆ ಸುತ್ತಿ, ಬೀಡಿ ಹಚ್ಚಲು ದೂರ ಹೋದರು. ಹತ್ತು ನಿಮಿಷಕ್ಕೆ ಗಾಡಿ ಚಾಲೂ. ಬಿಸಿಲಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗುತ್ತಿತ್ತು, ಪಂಪು ಗಾಳಿ ಎಳೆದಂತೆ ಆವಿಯನ್ನು ಎಳೆಯುತ್ತಿತ್ತು. ಪಿಯು ಮಕ್ಕಳಿಗೆ ಪ್ರತಿ ವರ್ಷ ಆವಿಯಾಗುವಿಕೆಯ ಪಾಠ ಮಾಡುವವಳು ನಾನು. ನನಗೆ ಹೊಳೆದಿರಲಿಲ್ಲ!

ನಂತರ ಪಂಪಿನೊಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಬದಲಿಸಿ, ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳನ್ನು ತೊಳೆದು ಕೊಟ್ಟರು. ಒಟ್ಟು 850 ರೂಪಾಯಿ.

ಶೆಡ್ಡಿನ ಎದುರಿನ ಬೇವಿನ ಕಟ್ಟೆಯ ಬಗ್ಗೆಯೂ ಹೇಳಬೇಕು. ಭಾನುವಾರ ಬೆಳಿಗ್ಗೆ ಅಪ್ಪ ಇಲ್ಲಿ ಬಂದು ಕೂರುತ್ತಿದ್ದರು. ಸುತ್ತ ಹಳೆಯ ಕಾರುಗಳು: ಪದ್ಮಿನಿ, ಅಂಬಾಸಿಡರ್, ವಾಡಿಯಿಂದ ಬರುತ್ತಿದ್ದ ಒಂದು ಕಾಂಟೆಸ್ಸಾ. ಸುಸಲಾ, ಮಿರ್ಚಿ, ಚಹಾ, ಜಗಳ. ಯಾರೋ ವಾಟ್ಸ್‌ಆ್ಯಪ್ ಗುಂಪು ಮಾಡಿದರು. ಬೀದರ್, ಯಾದಗಿರಿಯವರೂ ಸೇರಿ ಇನ್ನೂರು ದಾಟಿತು. ಕಾಂಟೆಸ್ಸಾದ ಬಾಗಿಲಿನ ರಬ್ಬರ್ ಎಲ್ಲಿ ಸಿಗುತ್ತದೆ ಎಂದು ಬೆಳಿಗ್ಗೆ ಕೇಳಿದರೆ ರಾತ್ರಿಯೊಳಗೆ ಉತ್ತರ. ಆಮೇಲೆ ಸೈಲೆನ್ಸರ್ ಕೊರೆಸಿ ಸದ್ದು ಮಾಡುವವರು ಸೇರಿದರು. ಹಿರಿಯರು ಒಬ್ಬೊಬ್ಬರಾಗಿ ಮಾತು ಬಿಟ್ಟರು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000ಕ್ಕೆ ಏರಿದಾಗ ಮಾರಿಕೊಂಡವರು ಎಷ್ಟೋ. ಆ ಅಕ್ಟೋಬರ್‌ನಲ್ಲಿ ನಾನು ಕಟ್ಟಿದೆ, ಅಪ್ಪನ ಹೆಸರಿಗೆ ಹೆದರಿ. ಈಗ ಗುಂಪಿನಲ್ಲಿ ಶುಭೋದಯದ ಹೂವುಗಳು, ಸೈಟುಗಳ ಜಾಹೀರಾತು. ಕಾಂಟೆಸ್ಸಾ ಏನಾಯಿತೋ ಕೇಳಲು ನನಗೆ ಧೈರ್ಯವಿಲ್ಲ. ಕಳೆದ ಭಾನುವಾರ ಕಟ್ಟೆಯ ಮುಂದೆ ನಾಲ್ಕು ಕಾರುಗಳಿದ್ದವು. ಮಾತು ಮಾತ್ರ ಹದಿನಾಲ್ಕು ಕಾರುಗಳಷ್ಟಿತ್ತು.

ದೂರುಗಳೂ ಇವೆ. ನಾಳೆ ಎಂದರೆ ನಾಲ್ಕು ದಿನ. ಫೋನ್ ಎತ್ತುವುದಿಲ್ಲ. ಲೆಕ್ಕವೆಲ್ಲ ಮಗ್ಗಿ ಪುಸ್ತಕದ ಹಿಂಬದಿಯಲ್ಲಿ, ರಸೀದಿ ಕೇಳಿದರೆ ನಗುತ್ತಾರೆ. ಹೆಂಗಸರು ಕೂರಲು ಜಾಗವಿಲ್ಲ. ನಾನು ಟೈರಿನ ಮೇಲೆ ಕುಳಿತು ಸೀರೆ ಕೆಡಿಸಿಕೊಂಡೆ. ಪೇಂಟ್ ಕೆಲಸವನ್ನಂತೂ ದಯವಿಟ್ಟು ಇಲ್ಲಿ ಕೊಡಬೇಡಿ, ನನ್ನ ಎಡಗಡೆಯ ಬಾಗಿಲು ಬೇರೆಯೇ ಕಾರಿನದು ಎಂಬಂತೆ ಕಾಣುತ್ತದೆ. ಹೊಸ ಕಾರು ತಂದರೆ ಅವರೇ ಕೈಮುಗಿದು ಕಳಿಸುತ್ತಾರೆ.

ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಹೈದರಾಬಾದಿಗೆ ಹೋಗುವವರು ಮಾರುತಿ 800ರ ಚೋಕ್ ಕೇಬಲ್ (ತಣ್ಣಗಿರುವ ಎಂಜಿನ್ ಚಾಲೂ ಮಾಡುವಾಗ ಎಳೆಯುವ ತಂತಿ) ಸಿಕ್ಕರೆ ಎರಡು ತನ್ನಿ: ಒಂದು ಉಸ್ತಾದರಿಗೆ, ಒಂದು ನನಗೆ. ಹಣ ಕಟ್ಟೆಯ ಮೇಲೆ ಕೊಡುತ್ತೇನೆ.