ಕಣ್ಣಿನ ಆಪರೇಷನ್ ಆದ ಮೇಲೆ ಮನೆಗೆ ಬರುವ ‘ಆರೈಕೆ ಪ್ಯಾಕೇಜ್’: ಹುಷಾರು ಮಾರಾಯ್ರೇ

ಮಂಗಳೂರಿನಲ್ಲಿ ಮನೆಯ ಹಿರಿಯರಿಗೆ ಪೊರೆ ಆಪರೇಷನ್ ಮಾಡಿಸುವವರಿದ್ದರೆ ದಯವಿಟ್ಟು ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದೆ ಮುಂದೆ ಆದರೆ ಬೇಜಾರು ಮಾಡಬೇಡಿ.

ಅಮ್ಮನ ಆಪರೇಷನ್ ಚೆನ್ನಾಗಿಯೇ ಆಯಿತು. ಅದರಲ್ಲಿ ತಕರಾರಿಲ್ಲ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಡ್ರಾಪ್ಸ್ ಚೀಟಿ ಕೊಟ್ಟು ಕಳಿಸಿದರು. ನಮ್ಮ ಮನೆ ಸುರತ್ಕಲ್ ಕಡೆ, ನಾನು ಹಗಲೆಲ್ಲ ಕೆಲಸಕ್ಕೆ ಹೋಗುವವಳು. ಹಾಗಾಗಿ ಒಂದು ಹೋಮ್ ಕೇರ್ ಏಜೆನ್ಸಿಗೆ 6,500 ರೂಪಾಯಿ ಕಟ್ಟಿದೆ. "ಟ್ರೈನ್ಡ್ ನರ್ಸ್ ಬರ್ತಾರೆ ಮೇಡಂ. ಅಮ್ಮನೇ ಡ್ರಾಪ್ಸ್ ಹಾಕಿಕೊಳ್ಳುವ ಹಾಗೆ ಕಲಿಸ್ತಾರೆ. ನೋವಾದ್ರೆ ಎಂತ ಮಾಡ್ಬೇಕು ಅಂತಲೂ ಹೇಳಿಕೊಡ್ತಾರೆ" ಅಂದಿದ್ದರು.

ಬಂದದ್ದು ಒಬ್ಬಳು ಚಿಕ್ಕ ಹುಡುಗಿ. ಪಾಪ, ಅವಳ ಮೇಲೆ ಸಿಟ್ಟಿಲ್ಲ, ಕಳಿಸಿದವರ ಮೇಲೆ. ಕಲಿಸುವುದು ಹಾಗಿರಲಿ, ಮೂರು ಬಾಟಲಿಯ ಡ್ರಾಪ್ಸನ್ನು ಒಂದರ ಹಿಂದೆ ಒಂದು ಹಾಕಿ ಮುಗಿಸಿದಳು. ಅರ್ಧ ಕೆನ್ನೆಗೆ ಹೋಯಿತು. ಊತ ಇಳಿಸುವ ಸ್ಟೀರಾಯ್ಡ್ ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿತ್ತು, ಅದು ಅಲುಗಾಡಿಸಿಯೇ ಹಾಕಬೇಕಾದ ಔಷಧಿ, ಅವಳು ಅಲುಗಾಡಿಸಲೇ ಇಲ್ಲ.

ಸಂಜೆ ಅಮ್ಮ ಕಣ್ಣು ಚುಚ್ಚುತ್ತದೆ ಅಂದರು. ಏಜೆನ್ಸಿಗೆ ಫೋನ್ ಮಾಡಿದೆ. "ಆಪರೇಷನ್ ಆದ್ಮೇಲೆ ನೋವು ಇರುವುದೇ ಮೇಡಂ. ನಮ್ಮಲ್ಲಿ ಪೇನ್ ಡ್ರಾಪ್ಸ್ ಉಂಟು" ಅಂದರು. ಹುಡುಗಿ ಹಾಕಿದಳು. ಒಂದೇ ನಿಮಿಷದಲ್ಲಿ ನೋವು ಮಾಯ! ನಾನು ಖುಷಿಯಲ್ಲಿ ಕೈಮುಗಿಯುವ ಚಿತ್ರ ಹಾಕಿ ಥ್ಯಾಂಕ್ಸ್ ಮೆಸೇಜ್ ಬೇರೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ನೋವು ವಾಪಸ್. ಮತ್ತೆ ಡ್ರಾಪ್ಸ್. ಮತ್ತೆ ನೋವು. ಮತ್ತೆ ಡ್ರಾಪ್ಸ್. ಬೆಳಿಗ್ಗೆ ನೋಡಿದರೆ ಕಣ್ಣು ಕೆಂಪು, ದೃಷ್ಟಿ ಮಂಜು.

ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಆ ಬಾಟಲಿ ಕೈಗೆ ತಗೊಂಡು ಓದಿದರು. "ಇದನ್ನು ಯಾರು ಕೊಟ್ಟದ್ದು?" ಅಂತ ಜೋರಾಗಿಯೇ ಕೇಳಿದರು. ಅದು ಪ್ರೊಪರಕೇನ್ ಅಂತೆ. ಕಣ್ಣಿನ ಪ್ರೆಶರ್ ನೋಡುವಾಗ ಆಸ್ಪತ್ರೆಯಲ್ಲಿ ಒಂದೆರಡು ಹನಿ ಹಾಕಿ ಕಣ್ಣು ಮರಗಟ್ಟಿಸುತ್ತಾರಲ್ಲ, ಅದು. ಮನೆಯಲ್ಲಿ ಹಾಕುವ ವಸ್ತುವೇ ಅಲ್ಲ. ಪದೇ ಪದೇ ಹಾಕಿದರೆ ಕಪ್ಪುಗುಡ್ಡೆಯ ಮೇಲಿನ ಪದರ ಕಿತ್ತುಹೋಗುತ್ತದೆ, ಗಾಯ ಮಾಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಒಳಗೆ ಸೋಂಕು ಆಗಿದ್ದರೂ ನೋವು ಗೊತ್ತಾಗುವುದಿಲ್ಲ. ಹೊರಗೆ ಕೂತ ಪೇಶೆಂಟ್‌ಗಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ದುಡ್ಡು ಕೊಟ್ಟು ಹಾಕಿಸಿದ್ದು ಅಂತ ಹೇಳಲು ನನಗೆ ಬಾಯಿಯೇ ಬರಲಿಲ್ಲ. ಅಮ್ಮನ ಪುಣ್ಯ, ಮೇಲಿನ ಪದರಕ್ಕೆ ಮಾತ್ರ ಪೆಟ್ಟು, ವಾಸಿಯಾಯಿತು.

ಈಗ ಏಜೆನ್ಸಿಯವರ ಉತ್ತರ ಕೇಳಿ. ಮೊದಲು, "ಪೇಶೆಂಟ್‌ಗೆ ಆರಾಮ ಆಯ್ತಲ್ಲ ಮೇಡಂ?" ಆಮೇಲೆ, "ಹುಡುಗಿ ಹೊಸಬಳು." ದುಡ್ಡು ವಾಪಸ್ ಕೇಳಿದರೆ, "ನೀವೇ ಥ್ಯಾಂಕ್ಸ್ ಅಂತ ಹಾಕಿದ್ದೀರಲ್ಲ?" ನನ್ನ ಮೆಸೇಜನ್ನು ನನಗೇ ತೋರಿಸಿದರು! ಆ ಔಷಧಿ ಎಲ್ಲಿಂದ ತಂದಿರಿ ಅಂದರೆ ಮಾತ್ರ ಉತ್ತರ ಇಲ್ಲ, ಫೋನ್ ಕಟ್.

ಸುಮ್ನೆ ದುಡ್ಡು ಹಾಳು ಮಾಡಬೇಡಿ. ಆಮೇಲೆ ಅದೇ ಆಸ್ಪತ್ರೆಯ ನರ್ಸ್ ಕೂರಿಸಿ ಕಲಿಸಿದರು, ಬಿಟ್ಟಿಯಾಗಿ. ಕೈ ತೊಳೆಯಬೇಕು. ಕೆಳರೆಪ್ಪೆ ಎಳೆದು ಒಂದೇ ಹನಿ. ಬಾಟಲಿ ತುದಿ ಕಣ್ಣಿಗೆ ತಾಗಬಾರದು. ಎರಡು ಔಷಧಿಯ ಮಧ್ಯೆ ಐದು ನಿಮಿಷ ಬಿಡಬೇಕು. ಸ್ವಲ್ಪ ಮರಳು ಹೊಕ್ಕ ಹಾಗೆ ಕಿರಿಕಿರಿ ಇರುವುದು ಮಾಮೂಲಿ, ಅದಕ್ಕೆ ಡಾಕ್ಟರ್ ಹೇಳಿದ ಪ್ಯಾರಾಸಿಟಮಾಲ್ ಸಾಕು. ನೋವು ಜಾಸ್ತಿ ಆಗುತ್ತಾ ಹೋದರೆ, ಕಣ್ಣು ಮಂಜಾದರೆ, ಕೆಂಪು ಅಥವಾ ಕೀವು ಕಂಡರೆ, ತಲೆನೋವು ವಾಂತಿ ಬಂದರೆ ಬೆಳಗಾಗುವ ತನಕ ಕಾಯಬೇಡಿ. ನೀವೇ ಹಾಕಿ ತೋರಿಸುವ ತನಕ ಡಿಸ್ಚಾರ್ಜ್ ಕೌಂಟರ್ ಬಿಟ್ಟು ಏಳಬೇಡಿ. ಗೊಣಗಿದರೆ ಗೊಣಗಲಿ.

ನನ್ನ ಆ ಥ್ಯಾಂಕ್ಸ್ ಮೆಸೇಜ್ ಈಗ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಓಡುತ್ತಿದೆ, ‘ಸಂತೃಪ್ತ ಗ್ರಾಹಕರು’ ಅಂತ. ತೆಗೆಯಿರಿ ಅಂದರೂ ತೆಗೆದಿಲ್ಲ. ಕಂಡರೆ ನಂಬಬೇಡಿ.