ಕಡೋಕಾವಾ: ಪುಸ್ತಕಕ್ಕೆ ಕಣ್ಣುಮುಚ್ಚಿ, ಫಿಗರ್‌ಗೆ ಅಳೆದು ಸುರಿದು

ಲೈಟ್ ನಾವೆಲ್ (ಚಿತ್ರಗಳಿರುವ ಜಪಾನಿ ಜನಪ್ರಿಯ ಕಾದಂಬರಿ) ಓದುವವರು ಕಡೋಕಾವಾವನ್ನು ತಪ್ಪಿಸಿಕೊಳ್ಳುವುದು ಕಷ್ಟ. 1945ರಲ್ಲಿ ಶುರುವಾದ ಈ ಟೋಕಿಯೊ ಪ್ರಕಾಶನದ ಕೈಯಲ್ಲೇ ಡೆಂಗೆಕಿ, ಸ್ನೀಕರ್, ಫುಜಿಮಿ ಫ್ಯಾಂಟೇಸಿಯಾ, ಎಂಎಫ್ ಬುಂಕೊ ಜೆ ಎಂಬ ಲೈಟ್ ನಾವೆಲ್ ಮಾಲೆಗಳೆಲ್ಲವೂ ಇವೆ. ಎಲ್ಡೆನ್ ರಿಂಗ್ ವಿಡಿಯೊ ಗೇಮ್ ಮಾಡಿದ ಫ್ರಮ್‌ಸಾಫ್ಟ್‌ವೇರ್ ಕೂಡ 2014ರಿಂದ ಇದರದ್ದೇ.

ಜಪಾನಿ ಬುಂಕೊ (ಚಿಕ್ಕ ಪೇಪರ್‌ಬ್ಯಾಕ್) ಆವೃತ್ತಿ 105×148 ಮಿ.ಮೀ., ಜೇಬಿಗೆ ಸರಿಹೋಗುತ್ತದೆ. ಶುರುವಿನಲ್ಲಿ ನುಣುಪು ಕಾಗದದ ಬಣ್ಣದ ಚಿತ್ರಗಳಿರುತ್ತವೆ, ಎಷ್ಟೋ ಸಲ ಮಡಚಿಟ್ಟವು. ಅವನ್ನು ಎಳೆದು ಬಿಚ್ಚಬೇಡಿ, ಅಂಟಿನ ಬೆನ್ನು ಅಲ್ಲೇ ಬಿಡುವುದು. ಜಪಾನಿ ಕಲಿಯುತ್ತಿದ್ದರೆ ಮೊದಲು ಹುಡುಗರ ಮಾಂಗಾ (ಜಪಾನಿ ಕಾಮಿಕ್ಸ್) ಕೊಳ್ಳಿ: ಅದರಲ್ಲಿ ಸಾಮಾನ್ಯವಾಗಿ ಪ್ರತಿ ಕಾಂಜಿ ಅಕ್ಷರದ (ಚೀನಾ ಮೂಲದ ಲಿಪಿ) ಪಕ್ಕದಲ್ಲೂ ಫುರಿಗಾನಾ, ಅಂದರೆ ಅದರ ಉಚ್ಚಾರಣೆ ತೋರಿಸುವ ಸಣ್ಣ ಅಕ್ಷರ, ಇರುತ್ತದೆ. ಲೈಟ್ ನಾವೆಲ್‌ನಲ್ಲಿ ಹೆಚ್ಚಾಗಿ ಕಷ್ಟದ ಪದಕ್ಕೆ ಮಾತ್ರ. ಇಂಗ್ಲಿಷ್ ಸಾಕು ಎನ್ನುವವರಿಗೆ ಯೆನ್ ಪ್ರೆಸ್ ಇದೆ, 2016ರಿಂದ ಹ್ಯಾಚೆಟ್ ಪ್ರಕಾಶನದ ಜೊತೆಗಿನ ಕಡೋಕಾವಾದ ಪಾಲುದಾರಿಕೆ. ಅದರ ಪುಸ್ತಕ ಬುಂಕೊಗಿಂತ ದೊಡ್ಡದು, ಕಪಾಟಿನಲ್ಲಿ ಎರಡೂ ಒಂದೇ ಸಾಲಿಗೆ ಹೊಂದುವುದಿಲ್ಲ.

ಜಪಾನಿನಲ್ಲಿ ಹೊಸ ಮುದ್ರಿತ ಪುಸ್ತಕಕ್ಕೆ ಪ್ರಕಾಶಕರು ಹಾಕಿದ್ದೇ ಬೆಲೆ, ಅಂಗಡಿಯವರು ಕಡಿಮೆ ಮಾಡುವ ಹಾಗಿಲ್ಲ. ಇ-ಪುಸ್ತಕಕ್ಕೆ ಆ ಕಟ್ಟು ಇಲ್ಲ. ಅದಕ್ಕೇ ಕಡೋಕಾವಾದ ಇ-ಪುಸ್ತಕ ಅಂಗಡಿ ಬುಕ್‌ವಾಕರ್‌ನಲ್ಲಿ ಆಗಾಗ ರಿಯಾಯಿತಿ. ಸಾಗಣೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರಿಸುವಾಗ ನಮ್ಮೂರಿನವರಿಗೆ ಇದೇ ಲಾಭ. ಕಪ್ಪು-ಬಿಳುಪು ಇ-ರೀಡರ್‌ನಲ್ಲಿ ಮಾತ್ರ ಬಣ್ಣದ ಪುಟ ಬೂದಿ ಬೂದಿ, ಟ್ಯಾಬ್ಲೆಟ್ ಉತ್ತಮ. ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ: 2024ರ ಜೂನ್‌ನ ಸೈಬರ್ ದಾಳಿಯಲ್ಲಿ ಸಂಸ್ಥೆಯ ವಿಡಿಯೊ ತಾಣ ನಿಕೊನಿಕೊ ಸುಮಾರು ಎರಡು ತಿಂಗಳು ಮುಚ್ಚಿತ್ತು, ಎರಡೂವರೆ ಲಕ್ಷ ಜನರ ಮಾಹಿತಿ ಸೋರಿತ್ತು.

ಕಡೋಕಾವಾದ ಫಿಗರ್‌ಗಳು (ಪಾತ್ರಗಳ ಗೊಂಬೆಗಳು) KDcolle ಹೆಸರಿನಲ್ಲಿ ಬರುತ್ತವೆ. ಇಷ್ಟದ ಪಾತ್ರ ಬೇರೆ ಕಂಪನಿಯಲ್ಲಿ ಸಿಗದಿದ್ದರೆ ಮಾತ್ರ ಕೊಳ್ಳಿ ಎನ್ನುವೆ, ಇವರ ಮೂಲ ಕಸುಬು ಪುಸ್ತಕವೇ. 1/7 ಅಳತೆಯೆಂದರೆ 160 ಸೆಂ.ಮೀ. ಎತ್ತರದ ಪಾತ್ರ ಸುಮಾರು 23 ಸೆಂ.ಮೀ. ಬರುತ್ತದೆ, ಪೀಠ ಬೇರೆ. ಮುಂಗಡ ಬುಕಿಂಗ್‌ನಲ್ಲಿ ಹೇಳಿದ ತಿಂಗಳು ಮುಂದಕ್ಕೆ ಹೋಗುವುದು ಈ ವ್ಯಾಪಾರದಲ್ಲಿ ಮಾಮೂಲು. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿದಿಡಿ.

ಫಿಗರ್ ಮಾಡುವ ಪ್ಲಾಸ್ಟಿಕ್ಕಾದ ಪಿವಿಸಿಯ ಕಾಯಿಲೆ ಯಾವ ಕಂಪನಿಯ ಫಿಗರನ್ನೂ ಬಿಡದು. ಮುಚ್ಚಿದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಒಳಗಿನ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ರಾಸಾಯನಿಕ) ಹೊರಬಂದು ಮೈ ಜಿಗುಟಾಗುತ್ತದೆ. ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ ಸಾಕು. ಒಂಟಿಕಾಲಿನ ಭಂಗಿಯಾದರೆ ಬೇಸಿಗೆಯ ಸೆಕೆಗೆ ಕಣಕಾಲು ಬಾಗುತ್ತದೆ. ಆ ಭಾಗವನ್ನಷ್ಟೇ ಬಿಸಿನೀರಿನಲ್ಲಿ (ಕುದಿಯುವುದು ಬೇಡ) ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿ.