ಹೆಸರು ಬದಲಾವಣೆಗೆ ‘ಕೋರ್ಟ್ ಆರ್ಡರ್ ಮಾಡಿಸಿಕೊಡ್ತೀನಿ’ ಅನ್ನೋರನ್ನು ನಂಬಬೇಡಿ: ಶಿವಮೊಗ್ಗ ಕಡೆಯವರು ದಯವಿಟ್ಟು ಓದಿ

ಶಿವಮೊಗ್ಗ, ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರು ಯಾರಾದರೂ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರು ಸರಿ ಮಾಡಿಸೋಕೆ ಓಡಾಡುತ್ತಿದ್ದರೆ ಇದನ್ನು ಪೂರ್ತಿ ಓದಿ. ಕೋರ್ಟಿನ ಆಸುಪಾಸಿನಲ್ಲಿ, ಜೆರಾಕ್ಸ್ ಅಂಗಡಿ ಮುಂದೆ, ಬಿಳಿ ಶರ್ಟು ಕರಿ ಪ್ಯಾಂಟು ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು ನಿಂತಿರುವ ಮನುಷ್ಯ "ಏನಾಗಬೇಕಿತ್ತು ಅಕ್ಕಾ?" ಅಂತ ಮಾತಿಗಿಳಿದರೆ ನಿಲ್ಲಬೇಡಿ. ನನ್ನಿಂದ ₹23,500 ತಗೊಂಡು ಕೈಗೆ ಕೊಟ್ಟಿದ್ದು ನಕಲಿ ಕಾಗದ. ಬರೀ ನಕಲಿ ಅಲ್ಲ, ನನ್ನನ್ನೇ ಪೊಲೀಸ್ ಸ್ಟೇಷನ್ನಿನಲ್ಲಿ ಕೂರಿಸಬಹುದಾಗಿದ್ದ ಕಾಗದ.

ನನ್ನ ವಿಷಯ ಇಷ್ಟೇ. ಒಂದನೇ ಕ್ಲಾಸಿಗೆ ಸೇರಿಸುವಾಗ ಅಜ್ಜ ಮನೆಯಲ್ಲಿ ಕರೆಯೋ ಹೆಸರನ್ನೇ ಹೇಳಿದರು, ‘ಪುಟ್ಟಿ’ ಅಂತ. ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಹಾಗೇ ಬರೆದರು. ಟಿಸಿಯಲ್ಲೂ ಅದೇ ಬಂತು, ಎಸ್‌ಎಸ್‌ಎಲ್‌ಸಿಯಲ್ಲೂ ಅದೇ ಬಂತು. ಜನನ ಪ್ರಮಾಣಪತ್ರ, ಆಧಾರ್, ವೋಟರ್ ಐಡಿಯಲ್ಲಿ ಮಾತ್ರ ನಿಜವಾದ ಹೆಸರಿದೆ. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಇಂಥವರು ಎಷ್ಟೋ ಜನ ಇದ್ದಾರೆ. ನಾನು ನರ್ಸ್. ಹೊರದೇಶದ ಕೆಲಸಕ್ಕೆ ದಾಖಲೆ ಕೊಡಬೇಕಾಗಿ ಬಂದಾಗ ಎರಡೂ ಹೆಸರು ಒಬ್ಬರದೇ ಅಂತ ಸಾಬೀತು ಮಾಡಿ ಅಂದರು. ಎಸ್‌ಎಸ್‌ಎಲ್‌ಸಿ ಸರಿಯಾಗದೆ ಮುಂದಿನದ್ಯಾವುದೂ ಸರಿಯಾಗಲ್ಲ. ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಬೇಕು ಅಂತ ಗೊತ್ತಾಗಿಯೇ ನಾನು ಶಿವಮೊಗ್ಗಕ್ಕೆ ಬಂದಿದ್ದು.

ಆ ಮನುಷ್ಯ ಸಿಕ್ಕಿದ್ದು ಆಗ. ಅವನ ಮಾತು ಕೇಳಬೇಕಿತ್ತು ನೀವು. "ಅಕ್ಕಾ, ನಮ್ಮೂರಿನ ಹೆಸರನ್ನೇ 2014ರಲ್ಲಿ ಬದಲಾಯಿಸಿದ್ರು, ನಿಮ್ಮದೇನು ಮಹಾ. ಹದಿನೈದು ದಿನ ಕೊಡಿ. ನೀವು ಕೋರ್ಟಿಗೆ ಬರೋದೇ ಬೇಡ, ಹೆಣ್ಣುಮಕ್ಕಳು ಯಾಕೆ ಅಲೀಬೇಕು." ಹತ್ತಿರದಲ್ಲಿ ಹೋಗುತ್ತಿದ್ದ ಒಂದಿಬ್ಬರು ಕರಿ ಕೋಟಿನವರಿಗೆ "ನಮಸ್ಕಾರ ಸಾರ್" ಅಂದ, ಅವರೂ ತಲೆಯಾಡಿಸಿದರು. ಯಾರಿಗಾದರೂ ಇವನು ಕೋರ್ಟಿನ ಮನುಷ್ಯ ಅಂತ ಅನಿಸುತ್ತೆ ಅಲ್ವಾ?

ಮೊದಲು ₹5,000. ಆಮೇಲೆ ‘ಕೋರ್ಟ್ ಫೀ’ ಅಂತ ₹8,000. ಆಮೇಲೆ ಪೇಪರ್ ಜಾಹೀರಾತು. ಆಮೇಲೆ "ಒಳಗಡೆ ಸ್ವಲ್ಪ ನೋಡಿಕೊಳ್ಳಬೇಕು ಅಕ್ಕಾ". ಎಲ್ಲಾ ಫೋನ್‌ಪೇಯಲ್ಲಿ, ಅದೂ ಅವನ ಹೆಸರಿಗಲ್ಲ, ಯಾವುದೋ ಮೊಬೈಲ್ ರೀಚಾರ್ಜ್ ಅಂಗಡಿ ಹೆಸರಿಗೆ. ಒಂದಕ್ಕೂ ರಸೀದಿ ಇಲ್ಲ. ನನ್ನ ಹೆಸರು ಇದೇ ಅಂತ ಕೋರ್ಟಿನಿಂದ ಹೇಳಿಸಿಕೊಳ್ಳೋ ಇಂಥ ಘೋಷಣೆ ದಾವೆಗೆ ಕೋರ್ಟ್ ಶುಲ್ಕ ತೀರಾ ಕಡಿಮೆ ಅಂತ ಆಮೇಲೆ ನಿಜವಾದ ವಕೀಲರು ಹೇಳಿದರು. ಎಂಟು ಸಾವಿರ! ಅದನ್ನು ಕೇಳಿ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಹೇಳಿದ ಹೊತ್ತಿಗೆ ಕಾಗದ ಕೊಟ್ಟ. ಇ-ಸ್ಟಾಂಪ್ ಕಾಗದ, ಮೇಲೆ ದಪ್ಪಕ್ಷರದಲ್ಲಿ ‘ಆದೇಶ’, ಕೆಳಗೆ ನೋಟರಿಯ ಕೆಂಪು ಸೀಲು, ಪಕ್ಕದಲ್ಲಿ ಒಂದು ದುಂಡು ಸೀಲು. ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ಓ.ಎಸ್. ನಂಬರ್, ಅಂದರೆ ಸಿವಿಲ್ ದಾವೆಯ ನಂಬರ್. ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿ ಕೆಲಸ ಆಯಿತು ಅಂದೆ. ಅಮ್ಮ ಆಗಲೇ ಇಡೀ ಕೇರಿಗೆ ಹೇಳಿದ್ದಳು.

ಅದನ್ನು ತಗೊಂಡು ನಾನು ಓದಿದ ಶಾಲೆಗೆ ಹೋದೆ. ಹೆಸರು ತಿದ್ದೋಕೆ ಪರೀಕ್ಷಾ ಮಂಡಳಿಗೆ ಮುಖ್ಯಶಿಕ್ಷಕರ ಮೂಲಕವೇ ಕಳಿಸಬೇಕು. ಹೆಡ್‌ಮಾಸ್ಟರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. "ಅಲ್ಲಮ್ಮಾ, ಈ ಕೇಸಿನಲ್ಲಿ ನಾನೇ ಪ್ರತಿವಾದಿ ಆಗಿರಬೇಕಲ್ಲ. ನನಗೆ ಕೋರ್ಟಿನಿಂದ ಒಂದು ಸಮನ್ಸೂ ಬಂದಿಲ್ಲ. ನನ್ನನ್ನು ಕೇಳದೇ ನನ್ನ ಶಾಲೆಯ ದಾಖಲೆ ತಿದ್ದಿ ಅಂತ ಯಾವ ಜಡ್ಜು ಆದೇಶ ಮಾಡಿದ್ರು?"

ನನಗೆ ಬಾಯಿಯೇ ಬರಲಿಲ್ಲ. ಸಮನ್ಸು ಬಂದಿಲ್ಲ. ಇಷ್ಟು ಸರಳ ವಿಷಯ. ಶಾಲೆಯ ಮೇಲೆ, ಶಿಕ್ಷಣ ಇಲಾಖೆ ಮೇಲೆ, ಮಂಡಳಿ ಮೇಲೆ ಕೇಸು ನಡೆದು ಡಿಕ್ರಿಯೇ ಆಗಿದೆ ಅಂದಮೇಲೆ ಅವರಿಗೆ ಒಂದು ನೋಟಿಸೂ ಹೋಗದೇ ಇರೋಕೆ ಸಾಧ್ಯವೇ ಇಲ್ಲ.

ಅಲ್ಲೇ ಇದ್ದ ಇನ್ನೊಬ್ಬ ಮೇಷ್ಟ್ರು ಮೊಬೈಲಿನಲ್ಲಿ ಕೋರ್ಟ್ ಕೇಸುಗಳ ವಿವರ ತೋರಿಸೋ ಇ-ಕೋರ್ಟ್ಸ್ ಆ್ಯಪ್ ತೆಗೆದು ಆ ನಂಬರ್ ಹಾಕಿದರು. ಕೇಸು ಬಂತು. ಆದರೆ ವಾದಿ ಯಾರೋ, ಪ್ರತಿವಾದಿ ಇನ್ಯಾರೋ, ಒಂದೇ ಮನೆತನದ ಹೆಸರುಗಳು. ಮುಗಿದ ಕೇಸೂ ಅಲ್ಲ, ಮುಂದಿನ ದಿನಾಂಕ ಅಂತ ತೋರಿಸುತ್ತಿತ್ತು. ಯಾರದೋ ಮನೆಯ ದಾವೆಯ ನಂಬರನ್ನು ನನ್ನ ಕಾಗದದ ಮೇಲೆ ಗೀಚಿದ್ದ. ಆ ದುಂಡು ಸೀಲನ್ನು ಆಮೇಲೆ ಸರಿಯಾಗಿ ನೋಡಿದರೆ, ಇಂಗ್ಲಿಷಿನಲ್ಲಿ ಇನ್ನೂ ಹಳೇ ‘ಶಿಮೋಗ’ ಅಂತಲೇ ಇತ್ತು. ಜಡ್ಜರ ಹೆಸರಿಲ್ಲ, ಸಹಿ ಇಲ್ಲ. ಒಳಗೆ ಬರೆದಿದ್ದೆಲ್ಲಾ ನಾನೇ ನನ್ನ ಬಗ್ಗೆ ಪ್ರಮಾಣ ಮಾಡಿ ಹೇಳಿದ ಮಾತು. ಅಂದರೆ ಅದು ಅಫಿಡವಿಟ್. ತಲೆಬರಹ ಮಾತ್ರ ಆದೇಶ. ಹೆಡ್‌ಮಾಸ್ಟರ್ ಬೈಯಲಿಲ್ಲ. "ಇದನ್ನು ನಾನು ಮುಂದಕ್ಕೆ ಕಳಿಸಲ್ಲ, ನೀನೂ ಎಲ್ಲೂ ಕೊಡಬೇಡ" ಅಂದರು ಅಷ್ಟೇ. ಸ್ಟಾಫ್ ರೂಮಿನಲ್ಲಿದ್ದವರೆಲ್ಲಾ ನನ್ನ ಕಡೆಗೇ ನೋಡುತ್ತಿದ್ದರು. ಆ ನಾಚಿಕೆ ಯಾರಿಗೂ ಬೇಡ.

ಆಚೆ ಬಂದು ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ವಾಟ್ಸಾಪಿನಲ್ಲಿ ಕೇಳಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇದೇ ಉತ್ತರ ಬರಬಹುದು.

"ಟೈಪಿಂಗ್ ಮಿಸ್ಟೇಕ್ ಮೇಡಂ, ನಂಬರ್ ಬದಲಾಯಿಸಿ ಕೊಡ್ತೀನಿ."

ಕೋರ್ಟಿನ ಕೇಸ್ ನಂಬರ್ ಬದಲಾಯಿಸಿ ಕೊಡೋಕೆ ಅದೇನು ಸಿಮ್ ಕಾರ್ಡಾ ಅಂತ ಕೇಳಿದೆ.

"ಆ ಆ್ಯಪ್ ಎಲ್ಲಾ ನಂಬಬೇಡಿ ಮೇಡಂ, ಅದರಲ್ಲಿ ಹಳೇದು ಬರುತ್ತೆ."

ದುಡ್ಡು ವಾಪಸ್ ಕೊಡಿ ಅಂದೆ.

"ನಾನು ವಕೀಲ ಅಂತ ಯಾವತ್ತಾದ್ರೂ ಹೇಳಿದ್ನಾ? ಅಫಿಡವಿಟ್ ಮಾಡಿಸಿಕೊಡ್ತೀನಿ ಅಂದಿದ್ದೆ, ಮಾಡಿಸಿಕೊಟ್ಟಿದ್ದೀನಿ."

ಅವನೇ ಕಳಿಸಿದ್ದ "ಕೋರ್ಟ್ ಆರ್ಡರ್ ರೆಡಿ ಅಕ್ಕಾ, ಬ್ಯಾಲೆನ್ಸ್ ಹಾಕಿ" ಅನ್ನೋ ಮೆಸೇಜನ್ನು ಅವನಿಗೇ ವಾಪಸ್ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಂತು ನೋಡಿ:

"ಏನ್ರೀ, ಜಾಸ್ತಿ ಮಾತಾಡ್ತೀರಾ. ಆ ಪೇಪರ್ ಸ್ಕೂಲಿಗೆ ಕೊಟ್ಟಿದ್ದು ನೀವು, ನಾನಲ್ಲ. ಕೇಸಾದ್ರೆ ನಿಮ್ಮ ಮೇಲೇ ಆಗೋದು. ಕೆಲಸಕ್ಕೆ ಹೊರದೇಶಕ್ಕೆ ಹೋಗೋರು, ಯೋಚನೆ ಮಾಡಿ."

ಅಕ್ಕಾ ಹೋಗಿ ಮೇಡಂ ಆಯಿತು, ಮೇಡಂ ಹೋಗಿ ಏನ್ರೀ ಆಯಿತು. ದುಡ್ಡು ತಿಂದವನೇ ನನ್ನನ್ನು ಹೆದರಿಸುತ್ತಿದ್ದಾನೆ. ಆ ರಾತ್ರಿ ನಿದ್ದೆ ಬರಲಿಲ್ಲ, ನಿಜ ಹೇಳ್ತೀನಿ. ಮನೆಯಲ್ಲೂ "ಹೋಗಲಿ ಬಿಡು, ಸ್ಟೇಷನ್ನು ಕೋರ್ಟು ಅಂತ ನಾಲ್ಕು ಜನರ ಬಾಯಿಗೆ ಬೀಳೋದು ಬೇಡ" ಅಂದರು. ಇಂಥವರು ಬದುಕಿರೋದೇ ನಮ್ಮ ಈ ‘ಹೋಗಲಿ ಬಿಡು’ ಮೇಲೆ.

ವಕೀಲರನ್ನು ಕೇಳಿದಾಗ ಧೈರ್ಯ ಬಂತು. ನಕಲಿ ಅಂತ ಗೊತ್ತಿದ್ದೂ ಬಳಸಿದರೆ ಅಪರಾಧ. ಗೊತ್ತಾದ ತಕ್ಷಣ ನಿಲ್ಲಿಸಿ ದೂರು ಕೊಟ್ಟರೆ ಹೆದರೋ ಅಗತ್ಯ ಇಲ್ಲ ಅಂದರು. ಕೋರ್ಟಿನ ದಾಖಲೆಯನ್ನೇ ಸೃಷ್ಟಿಸೋದು ಭಾರತೀಯ ನ್ಯಾಯ ಸಂಹಿತೆಯಲ್ಲಿ ದೊಡ್ಡ ಅಪರಾಧ, ಅದು ಅವನ ತಲೆಗೆ. ದೂರು ಕೊಟ್ಟಿದ್ದೇನೆ. ಮೂಲ ಕಾಗದ, ಫೋನ್‌ಪೇ ವಿವರ, ಮೆಸೇಜುಗಳು ಎಲ್ಲಾ ಕೊಟ್ಟಿದ್ದೇನೆ.

ಈಗ ನಿಮಗೆ ಹೇಳಬೇಕಾದ್ದು. ವಯಸ್ಕರು ಸುಮ್ನೆ ಹೊಸ ಹೆಸರು ಇಟ್ಟುಕೊಳ್ಳೋಕೆ ಕೋರ್ಟೇ ಬೇಕಾಗಿಲ್ಲ. ನೋಟರಿ ಮುಂದೆ ಅಫಿಡವಿಟ್, ಪತ್ರಿಕೆಗಳಲ್ಲಿ ಜಾಹೀರಾತು, ಆಮೇಲೆ ದೆಹಲಿಯ ಪ್ರಕಟಣಾ ಇಲಾಖೆಯ ಮೂಲಕ ಭಾರತದ ರಾಜ್ಯಪತ್ರದ (ಗೆಜೆಟ್) 4ನೇ ಭಾಗದಲ್ಲಿ ಪ್ರಕಟಣೆ. ಆಧಾರಿನಲ್ಲಿ ಹೆಸರು ಪೂರ್ತಿ ಬದಲಾಗಬೇಕಾದರೂ ಕೇಳೋದು ಆ ಗೆಜೆಟ್ಟನ್ನೇ. ಇದಕ್ಕೂ ಕೋರ್ಟ್ ಆರ್ಡರ್ ಬೇಕು ಅಂತ ದುಡ್ಡು ಕೀಳೋರಿದ್ದಾರೆ, ಹುಷಾರು. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಅಚ್ಚಿನ ತಪ್ಪಾಗಿದ್ದು, ಶಾಲೆಯ ಪುಸ್ತಕದಲ್ಲಿ ಸರಿಯಿದ್ದರೆ ಮೊದಲು ಹೆಡ್‌ಮಾಸ್ಟರನ್ನು ಕೇಳಿ.

ನನ್ನ ಹಾಗೆ ಶಾಲೆಯ ಪುಸ್ತಕದಲ್ಲೇ ಬೇರೆ ಹೆಸರಿದ್ದರೆ ಸಿವಿಲ್ ದಾವೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಕೆಳಗೆ. ಸರ್ಕಾರದ ಮೇಲೆ ದಾವೆ ಹಾಕೋದಾದ್ದರಿಂದ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಕಲಂ ಪ್ರಕಾರ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತು ಅಂತ ಕೋರ್ಟೇ ಅನುಮತಿ ಕೊಟ್ಟರೆ ಬೇರೆ ಮಾತು. ಹಾಗಾಗಿ ಹದಿನೈದು ದಿನ ಅಂದವನು ಸುಳ್ಳ. ನಾವೇ ಸಾಕ್ಷಿ ಹೇಳಬೇಕು, ದಾಖಲೆ ಹಾಜರುಪಡಿಸಬೇಕು. ಹಾಗಾಗಿ ‘ನೀವು ಬರೋದೇ ಬೇಡ’ ಅಂದವನೂ ಸುಳ್ಳ. ಶಾಲೆ ಇರೋ ತಾಲ್ಲೂಕಿನ ಕೋರ್ಟಿನಲ್ಲೇ ದಾವೆ ಹಾಕಬಹುದು, ಶಿವಮೊಗ್ಗಕ್ಕೇ ಬರಬೇಕು ಅಂತಿಲ್ಲ. ಕೇಸು ನಡೆಸೋಕೆ ವಕೀಲರಿಗೆ ಅಧಿಕಾರ ಕೊಡೋ ವಕಾಲತ್ತಿಗೆ ಸಹಿ ಹಾಕುವಾಗ ವಕೀಲರ ನೋಂದಣಿ ಸಂಖ್ಯೆ ನೋಡಿ. ಕೇಸು ದಾಖಲಾದ ಮೇಲೆ ಆ ಕೇಸಿನ ಗುರುತಾದ 16 ಅಂಕಿ ಅಕ್ಷರಗಳ ಸಿಎನ್ಆರ್ ಸಂಖ್ಯೆ ಕೇಳಿ ಪಡೆಯಿರಿ, ಇ-ಕೋರ್ಟ್ಸ್‌ನಲ್ಲಿ ನೀವೇ ಹಾಕಿ ನೋಡಿ, ನಿಮ್ಮ ಹೆಸರು ಬರುತ್ತಾ ಅಂತ. ದುಡ್ಡು ಕೊಡೋಕೆ ಮೊದಲು ನೋಡಿ.

ನನಗೆ ಇವತ್ತಿಗೂ ಸಿಟ್ಟು ಬರೋದು ಇನ್ನೊಂದು ವಿಷಯಕ್ಕೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಆದಾಯ ಎಷ್ಟಿದ್ದರೂ ಸರಿ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರೋದು ಅದೇ ಕೋರ್ಟಿನ ಆವರಣದಲ್ಲಿ! ಅವನು ನಿಂತು ನನ್ನ ಹತ್ತಿರ ದುಡ್ಡು ಕಿತ್ತ ಜಾಗದಿಂದ ನಡೆದುಹೋಗೋ ದೂರ. ಯಾರೂ ಹೇಳಲಿಲ್ಲ. ತಾಲ್ಲೂಕು ಕೋರ್ಟುಗಳಲ್ಲೂ ಸಮಿತಿ ಇರುತ್ತೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ನನ್ನ ಕೇಸು ಈಗ ಅಲ್ಲಿಂದ ಕೊಟ್ಟ ವಕೀಲರ ಕೈಯಲ್ಲಿದೆ, 80ನೇ ಕಲಂ ನೋಟಿಸ್ ಹೋಗಿದೆ.

ನೀಲಿ ಪೆನ್ನಿನಲ್ಲಿ ನಂಬರ್ ಬರೆದ, ಮೇಲೆ ‘ಆದೇಶ’ ಅಂತ ಇರೋ ಇಂಥ ಕಾಗದ ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ತೆಗೆದು ನಂಬರ್ ಪರೀಕ್ಷಿಸಿ. ಎಲ್ಲೂ ಸಲ್ಲಿಸಬೇಡಿ, ಹರಿದೂ ಹಾಕಬೇಡಿ, ಅದೇ ಸಾಕ್ಷಿ. ತಗೊಂಡು ಹೋಗಿ ದೂರು ಕೊಡಿ. ನನ್ನೊಬ್ಬಳದೇ ದೂರಾದರೆ ಅವನು ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಾನೆ. ನಾಲ್ಕು ಜನ ಬಂದರೆ ಆಗಲ್ಲ.